ಟ್ರ್ಯಾಕ್ಟರಿನ ಸೆಲ್ಫ್ ಹಿಡಿಯದಿದ್ದಾಗ: ಬ್ಯಾಟರಿ ಬದಲಿಸುವ ಮುನ್ನ
(ಭಾಷಣದ ಪಾಠ)



ಭದ್ರಾ ನಾಲೆಗೆ ನೀರು ಬಂದೊಡನೆ ಹೊಳೆಹೊನ್ನೂರಿನ ಸುತ್ತಲಿನ ಗದ್ದೆಗಳಲ್ಲಿ ಕೆಸರು ಹೊಡೆಯುವ ಕೆಲಸ ಹತ್ತಿಕೊಳ್ಳುತ್ತದೆ. ಮಡಿಯಲ್ಲಿ ಸಸಿ ಬಲಿಯುತ್ತಿರುತ್ತದೆ, ನಾಟಿಗೆ ಆಳುಗಳಿಗೆ ಹೇಳಿಯಾಗಿರುತ್ತದೆ. ಅಂಥ ದಿನ ಟ್ರ್ಯಾಕ್ಟರಿನ ಕೀಲಿ ತಿರುಗಿಸಿದರೆ ಬರೀ 'ಟಕ್' ಎಂಬ ಸದ್ದು! ಕೂಡಲೇ ಅನೇಕರು ಹೊಸ ಬ್ಯಾಟರಿ ತರಲು ಪೇಟೆಗೆ ಹೊರಡುತ್ತಾರೆ. ಆದರೆ ಎಷ್ಟೋ ಸಲ ದೋಷ ಬ್ಯಾಟರಿಯಲ್ಲಿರದೆ ತಂತಿ ಕೂಡುವ ಜಾಗದಲ್ಲಿರುತ್ತದೆ.

ಇದಕ್ಕೆ ಕಾರಣವಿದೆ. ಎಂಜಿನ್ ತಿರುಗಿಸುವಾಗ ಸೆಲ್ಫ್ ಮೋಟಾರು 200 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಅಷ್ಟು ಹರಿಯುವಾಗ ಒಂದು ಜೋಡಣೆಯಲ್ಲಿ ಓಮಿನ ನೂರನೇ ಒಂದು ಭಾಗ ತಡೆಯಿದ್ದರೂ 12 ವೋಲ್ಟಿನಲ್ಲಿ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಕೆಸರು, ತೇವ, ಅದುರುವಿಕೆಗಳಿಂದ ಟರ್ಮಿನಲ್ ಸಡಿಲವಾಗುತ್ತದೆ, ಕಿಲುಬು ಕಟ್ಟುತ್ತದೆ. ನೀರಿನ ಮೇಲೆ ಓಡುವ ದೋಣಿ ಎಂಜಿನ್ನಿಗೂ ಇದೇ ಕಾಟ.

ಪರೀಕ್ಷೆ ಹೇಗೆ?

ಮೊದಲು ಗೇರು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಬಿಗಿ ಮಾಡಿ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ, ದೀಪ ಗಮನಿಸಿ.

1. ದೀಪ ಹತ್ತದಿದ್ದರೆ ಟರ್ಮಿನಲ್, ಫ್ಯೂಜ್, ಬ್ಯಾಟರಿ ನೋಡಿ.

2. ಕೀಲಿ ತಿರುಗಿಸಿದೊಡನೆ ದೀಪ ಮಂಕಾದರೆ, ಇಲ್ಲವೆ 'ಟಕ ಟಕ' ಸದ್ದು ಬಂದರೆ, ಬ್ಯಾಟರಿ ಇಳಿದಿದೆ ಅಥವಾ ಜೋಡಣೆ ಕೆಟ್ಟಿದೆ.

3. ದೀಪ ಪ್ರಕಾಶವಾಗಿದ್ದು ಸದ್ದೇ ಇಲ್ಲದಿದ್ದರೆ ಕೀಲಿಯ ಸ್ವಿಚ್, ಕ್ಲಚ್ ಅಥವಾ ಗೇರಿನ ಸುರಕ್ಷಾ ಸ್ವಿಚ್, ಸೆಲ್ಫ್‌ಗೆ ಹೋಗುವ ಸಣ್ಣ ತಂತಿ ನೋಡಿ.

4. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಡೀಸೆಲ್, ಕೊಳವೆಯೊಳಗಿನ ಗಾಳಿ, ನಿಲ್ಲಿಸುವ ಗುಂಡಿ ಪರೀಕ್ಷಿಸಿ.

ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು.

ಜೋಡಣೆ ಶುದ್ಧಿ

ಎಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು, ಬಳಿಕ ಪ್ಲಸ್ ತಂತಿಯನ್ನು ಬಿಚ್ಚಿ. ಅಡಿಗೆ ಸೋಡ ಕಲಸಿದ ನೀರಿನಿಂದ ಕಿಲುಬು ತೊಳೆಯಿರಿ. ಆ ನೀರು ಸೆಲ್ಲಿನೊಳಗೆ ಇಳಿಯಬಾರದು. ಒರೆಸಿ, ಉಪ್ಪುಕಾಗದದಿಂದ ಹೊಳಪು ಬರುವಂತೆ ಉಜ್ಜಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು ಮೇಲೆ ವ್ಯಾಸಲೀನ್ ಸವರಿ. ಅರ್ಥ್ ತಂತಿ ಟ್ರ್ಯಾಕ್ಟರಿನ ಮೈಗೆ ಕೂಡುವ ಬೋಲ್ಟನ್ನು ಮರೆಯದಿರಿ. ಅಲ್ಲಿ ಬಣ್ಣ, ತುಕ್ಕು, ಕೆಸರು ಇದ್ದರೆ ಹೊಸ ಬ್ಯಾಟರಿಯೂ ಸೋಲುತ್ತದೆ.

ಮೀಟರ್ ಇದ್ದರೆ ಇನ್ನೂ ಅನುಕೂಲ. ಕೆಲವು ಗಂಟೆ ಸುಮ್ಮನಿದ್ದ, ಪೂರ್ತಿ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗಿಳಿದರೆ ಚಾರ್ಜ್ ಬಹುಪಾಲು ಮುಗಿದಂತೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಎಂಜಿನ್ ನಿಲ್ಲಿಸಿ ಬೆಲ್ಟ್ ಸಡಿಲವಾಗಿದೆಯೇ ನೋಡಿ, ಆಮೇಲೆ ಆಲ್ಟರ್ನೇಟರ್ ಪರೀಕ್ಷೆ ಮಾಡಿಸಿ. ಆಲ್ಟರ್ನೇಟರ್ ಕೆಟ್ಟಿರುವಾಗ ಬ್ಯಾಟರಿ ಬದಲಿಸಿದರೆ ಅದೂ ಬೇಗನೆ ಖಾಲಿಯಾಗುತ್ತದೆ.

ಪ್ರಾಣಕ್ಕೆ ಅಪಾಯವಾಗುವ ತಪ್ಪುಗಳು

ಸೆಲ್ಫಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು, ನೆಲದ ಮೇಲೆ ನಿಂತೇ ಎಂಜಿನ್ ಎಬ್ಬಿಸುವ ರೂಢಿ ಕೆಲವರಲ್ಲಿದೆ. ಹೀಗೆ ಮಾಡಿದರೆ ಸುರಕ್ಷಾ ಸ್ವಿಚ್ಚಿನ ಕೆಲಸವೇ ತಪ್ಪಿಹೋಗುತ್ತದೆ. ಗೇರು ಬಿದ್ದಿದ್ದರೆ ಟ್ರ್ಯಾಕ್ಟರ್ ಆ ಕ್ಷಣವೇ ಮುನ್ನುಗ್ಗುತ್ತದೆ. ಹಿಂದಿನ ಚಕ್ರದ ಮುಂದೆ ನಿಂತವನಿಗೆ ಸರಿಯಲು ಸಮಯ ಸಿಗುವುದಿಲ್ಲ. ಒಂದು ದಿನದ ಉಳುಮೆ ಹೋದರೂ ಚಿಂತೆಯಿಲ್ಲ, ಈ ಕೆಲಸ ಮಾತ್ರ ಬೇಡ. ಎಂಜಿನ್ ಎಬ್ಬಿಸುವುದು ಸೀಟಿನ ಮೇಲೆ ಕುಳಿತೇ ಆಗಬೇಕು.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿಯುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಆಮ್ಲ ಕಣ್ಣಿಗೆ ಸಿಡಿದರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿ. ಸುಟ್ಟ ಫ್ಯೂಜಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿದರೆ ತಂತಿಗಳೆಲ್ಲ ಹೊತ್ತಿಕೊಂಡಾವು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಬಿಚ್ಚಬೇಡಿ, ಆಲ್ಟರ್ನೇಟರ್ ಸುಡಬಹುದು.

ಸೆಲ್ಲುಗಳಿಗೆ ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಮಟ್ಟ ಇಳಿದಾಗ ಬಟ್ಟಿ ಇಳಿಸಿದ ನೀರನ್ನೇ ಹಾಕಿ. ಆಸಿಡ್ ಆಗಲಿ ನಾಲೆಯ ನೀರಾಗಲಿ ಬೇಡ. ಟ್ರ್ಯಾಕ್ಟರ್ ತೊಳೆಯುವಾಗ ಸೆಲ್ಫ್, ಆಲ್ಟರ್ನೇಟರ್ ಮೇಲೆ ನೀರು ಚಿಮ್ಮಿಸಬೇಡಿ. ನಾಲೆಗೆ ನೀರು ಬರುವ ಒಂದು ವಾರ ಮೊದಲೇ ಒಂದು ಸ್ಪ್ಯಾನರ್, ಒಂದು ಹಿಡಿ ಸೋಡ ತೆಗೆದುಕೊಂಡು ಜೋಡಣೆಗಳನ್ನೆಲ್ಲ ನೋಡಿಟ್ಟರೆ, ನಾಟಿಯ ದಿನ ಎಂಜಿನ್ ಕೈಕೊಡುವ ಸಂಭವ ಕಡಿಮೆಯಾಗುತ್ತದೆ.