ಗೆರೆಗಳನ್ನು ಎಣಿಸುವ ಕಣ್ಣು

(ಬಾನುಲಿ ಭಾಷಣ)

ಕನ್ನಡದ ‘ರ’ಕಾರಕ್ಕೂ ‘ಠ’ಕಾರಕ್ಕೂ ಇರುವ ಅಂತರ ಒಂದು ಚುಕ್ಕೆ. ‘ಬ’ಕಾರಕ್ಕೂ ‘ಭ’ಕಾರಕ್ಕೂ ಇರುವ ಅಂತರ ಅಡಿಯ ಒಂದು ಸೀಳು. ಅಚ್ಚು ಮಸುಕಾದಾಗ ಆ ಚುಕ್ಕೆ, ಆ ಸೀಳು ಮರೆಯಾಗುತ್ತವೆ. ಆದರೂ ನಾವು ಎಡವದೆ ಓದಿಬಿಡುತ್ತೇವೆ. ‘ಭೂಮಿ’ ಎಂಬಲ್ಲಿ ಸೀಳು ಅಳಿಸಿದ್ದರೂ ಬುದ್ಧಿ ಅದನ್ನು ತುಂಬಿಕೊಡುತ್ತದೆ. ಓದುವವನಿಗೆ ಇದು ವರ; ಅಳೆಯುವವನಿಗೆ ಇದೇ ತೊಡಕು. ಆದ್ದರಿಂದ ಫಿಲ್ಮ್ ಕ್ಯಾಮರಾದ ಮಸೂರವನ್ನು ಪರೀಕ್ಷಿಸಲು ಅಕ್ಷರಗಳಿಗಿಂತ ಗೆರೆಗಳು ಲೇಸು. ಗೆರೆಗೆ ಅರ್ಥವಿಲ್ಲ, ಸಂದರ್ಭದಿಂದ ಅದನ್ನು ಊಹಿಸಲಾಗದು.

ಇಂಥ ಗೆರೆಪಟಗಳಲ್ಲಿ ಹೆಸರಾದುದು 1951ರ ಅಮೆರಿಕ ವಾಯುಪಡೆಯ ಪಟ. ಮೂರು ಅಡ್ಡಪಟ್ಟಿ, ಮೂರು ಉದ್ದಪಟ್ಟಿ, ಇದೇ ಅದರ ಮೂಲರೂಪ. ಒಂದೊಂದು ಹೆಜ್ಜೆಗೂ ಪಟ್ಟಿಗಳು ನೂರಕ್ಕೆ ಸುಮಾರು 11ರಷ್ಟು ಕಿರಿದಾಗುತ್ತವೆ. ಆರು ಹೆಜ್ಜೆ ಇಳಿದಾಗ ಅರ್ಧವಾಗಿರುತ್ತವೆ. ಒಂದು ಕಪ್ಪು ಗೆರೆಯೂ ಅದರ ಪಕ್ಕದ ಬಿಳಿಯ ಎಡೆಯೂ ಕೂಡಿ ಒಂದು ಜೋಡಿ. ಫಿಲ್ಮಿನ ಮೇಲೆ ಒಂದು ಮಿಲಿಮೀಟರಿನೊಳಗೆ ಇಂಥ ಎಷ್ಟು ಜೋಡಿಗಳು ಒಂದರೊಡನೊಂದು ಬೆರೆಯದೆ ಉಳಿದವು ಎಂಬುದೇ ಪೃಥಕ್ಕರಣ ಸಾಮರ್ಥ್ಯದ ಅಳತೆ.

ಪರೀಕ್ಷೆಯ ಕ್ರಮ ಸರಳ, ಆದರೆ ತಾಳ್ಮೆಯನ್ನು ಬೇಡುವಂಥದು. ಪಟವನ್ನು ಗೋಡೆಗೆ ಸಮತಟ್ಟಾಗಿ ಅಂಟಿಸಬೇಕು. 50 ಮಿಲಿಮೀಟರಿನ ಮಸೂರವಾದರೆ ಸುಮಾರು ಎರಡೂವರೆ ಮೀಟರ್ ದೂರದಲ್ಲಿ ಕ್ಯಾಮರಾ ನಿಲ್ಲಬೇಕು. ಆಗ ಬಿಂಬ ಐವತ್ತರಲ್ಲೊಂದು ಪಾಲಾಗಿ, ಪಟದ ಮೇಲೆ ಮಿಲಿಮೀಟರಿಗೆ ಒಂದು ಜೋಡಿಯಿದ್ದುದು ಫಿಲ್ಮಿನ ಮೇಲೆ 50 ಆಗುತ್ತದೆ. ಪಟದ ನಡುವೆ ಪುಟ್ಟ ಕನ್ನಡಿಯೊಂದನ್ನು ಒತ್ತಿ ಹಿಡಿದು ಕ್ಯಾಮರಾದಲ್ಲಿ ಇಣುಕಿದರೆ, ಮಸೂರದ ಪ್ರತಿಬಿಂಬ ನಟ್ಟನಡುವೆ ಕಾಣಬೇಕು. ಕಂಡರೆ ಎರಡೂ ಪರಸ್ಪರ ನೇರವಾಗಿವೆ. ಅಲುಗದ ಟ್ರೈಪಾಡ್, ಕೇಬಲ್ ರಿಲೀಸ್, ನವುರು ಕಣದ ಫಿಲ್ಮ್, ಇವು ಅಗತ್ಯ. ಪ್ರತಿಯೊಂದು ಅಪರ್ಚರಿನಲ್ಲಿಯೂ ಫೋಕಸನ್ನು ಹೊಸದಾಗಿ ಹೊಂದಿಸಿ ಕೆಲವು ಚಿತ್ರ ತೆಗೆಯಬೇಕು. ಅನಂತರ ನೆಗೆಟಿವನ್ನೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಬೇಕು. ಹಿಗ್ಗಿಸಿದ ಪ್ರತಿಯಲ್ಲಿ ಎನ್‌ಲಾರ್ಜರಿನ ಮಸೂರದ ದೋಷವೂ ಸೇರಿಕೊಳ್ಳುತ್ತದೆ.

ಆಗ ಮಸೂರದ ಗುಣಾವಗುಣಗಳು ಒಂದೊಂದಾಗಿ ಹೊರಬೀಳುತ್ತವೆ. ಅಪರ್ಚರ್ ಪೂರ್ತಿ ತೆರೆದಾಗ ನಡುವೆ ಸ್ಫುಟವಾಗಿರುವ ಗೆರೆಗಳು ಅಂಚಿನಲ್ಲಿ ಕಲಸಿಹೋಗುವುದುಂಟು. ಅಂಚಿನಲ್ಲಿ ಒಂದು ದಿಕ್ಕಿನ ಗೆರೆಗಳು ಉಳಿದು ಇನ್ನೊಂದು ದಿಕ್ಕಿನವು ಅಳಿದರೆ ಅದು ಅಸ್ಟಿಗ್ಮಾಟಿಸಂ ಎಂಬ ದೋಷ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಒಳಗಿನ ಗಾಜೊಂದು ತನ್ನ ನೆಲೆ ತಪ್ಪಿದೆಯೆಂದು ಶಂಕಿಸಬೇಕು. ಅಪರ್ಚರನ್ನು ಕಿರಿದುಗೊಳಿಸಿದಂತೆ ಬಹುಪಾಲು ದೋಷಗಳು ತಗ್ಗುತ್ತವೆ. ಆದರೆ ತೀರ ಕಿರಿದಾದರೆ ಬೆಳಕಿನ ವಿವರ್ತನೆ ಅಡ್ಡ ಬರುತ್ತದೆ. ಎಫ್ 16ರಲ್ಲಿ ಹಸಿರು ಬೆಳಕಿಗೆ ಮಿಲಿಮೀಟರಿಗೆ ಸುಮಾರು 113 ಜೋಡಿಗಳೇ ಪರಮಾವಧಿ. ಎಂಥ ಕುಶಲಿ ಉಜ್ಜಿದ ಗಾಜೂ ಈ ಗಡಿಯನ್ನು ದಾಟಲಾರದು.

ಇಷ್ಟಾದರೂ ಕೊನೆಗೆ ದೊರೆತ ಅಂಕೆ ಮಸೂರವೊಂದರದೇ ಅಲ್ಲ. ಕೊಡಕ್‌ನ ಟಿ-ಮ್ಯಾಕ್ಸ್ 100 ಫಿಲ್ಮಿಗೆ ತಯಾರಕರು ಎರಡು ಅಂಕೆಗಳನ್ನು ಕೊಟ್ಟಿದ್ದಾರೆ: ಕಪ್ಪು ಬಿಳುಪುಗಳ ಅಂತರ ತೀವ್ರವಾಗಿದ್ದಲ್ಲಿ 200, ಅಂತರ ಮಂದವಾಗಿದ್ದಲ್ಲಿ 63. ಫಿಲ್ಮ್ ಒಂದೇ, ಗೆರೆಯ ಗಾಢತೆ ಮಾತ್ರ ಬೇರೆ. ರೂಢಿಯ ಸ್ಥೂಲ ಲೆಕ್ಕದಂತೆ, 100ರ ಮಸೂರವೂ 100ರ ಫಿಲ್ಮೂ ಕೂಡಿದರೆ ದೊರೆಯುವುದು ಸುಮಾರು 50 ಮಾತ್ರ.

ನನ್ನ ಪರಿಚಯದ ತರುಣರೊಬ್ಬರು ಈ ಲೆಕ್ಕ ತಿಳಿಯದೆ, ಗತಿಸಿದ ತಂದೆಯ ಕ್ಯಾಮರಾವನ್ನು ಮಾರಲು ಹೊರಟಿದ್ದರು. ಪರೀಕ್ಷೆಯಲ್ಲಿ ಅಂಕೆ ಕಡಮೆ ಬಂದಿತ್ತಂತೆ. ನೆಗೆಟಿವನ್ನು ನೋಡಿದೆ. ಉದ್ದಗೆರೆಗಳೆಲ್ಲ ನಡುವಿನಲ್ಲಿಯೂ ಅಳಿಸಿದ್ದವು, ಅಡ್ಡಗೆರೆಗಳು ಚೆನ್ನಾಗಿದ್ದವು. ನಟ್ಟನಡುವೆ ಹೀಗಾದರೆ ಮೊದಲು ಶಂಕಿಸಬೇಕಾದುದು ಗಾಜನ್ನಲ್ಲ, ಕ್ಯಾಮರಾದ ಅಲುಗಾಟವನ್ನು. ಟ್ರೈಪಾಡನ್ನು ಬಿಗಿಮಾಡಿ ಮತ್ತೆ ತೆಗೆದಾಗ ಅದೇ ಮಸೂರ ಮೂರು ಹೆಜ್ಜೆ ಮೇಲೇರಿತು. ಕ್ಯಾಮರಾ ಮನೆಯಲ್ಲಿಯೇ ಉಳಿಯಿತು.

ಎಲ್ಲಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ. ಫೋಕಸ್ ತಪ್ಪಿದಾಗ ಗೆರೆಗಳು ಒಂದು ಹಂತದಲ್ಲಿ ಬೂದುಬಣ್ಣಕ್ಕೆ ಕರಗಿ, ಅದಕ್ಕೂ ಕಿರಿದಾದ ಹಂತದಲ್ಲಿ ಮತ್ತೆ ಮೂಡುತ್ತವೆ. ಆದರೆ ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು. ಮೂರು ಪಟ್ಟಿಗಳ ಜಾಗದಲ್ಲಿ ಆಗ ಎರಡೇ ಇರುತ್ತವೆ. ಮೂರಿವೆಯೆಂದು ಮೊದಲೇ ಬಲ್ಲ ಕಣ್ಣು ಅವನ್ನು ಎಣಿಸದೆ, ಕಂಡೆನೆಂದು ಬರೆದುಕೊಳ್ಳುತ್ತದೆ. ಅರ್ಥವಿಲ್ಲದ ಗೆರೆಯಲ್ಲಿಯೂ ನಮ್ಮ ನಿರೀಕ್ಷೆ ಹೀಗೆ ಅರ್ಥವನ್ನು ತುಂಬಿಬಿಡುತ್ತದೆ. ಆದ್ದರಿಂದ ಎಲ್ಲಿ ಗೆರೆಗಳು ಮೊದಲ ಸಲ ಕರಗಿದವೋ ಅಲ್ಲಿಗೇ ಎಣಿಕೆಯನ್ನು ನಿಲ್ಲಿಸಬೇಕು. ಅದರಾಚೆ ಕಾಣುವುದು ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕೆ ಸೇರದು. ಮಸೂರದ ಪರೀಕ್ಷೆಯಲ್ಲಿ ನೋಡುವವನ ಪ್ರಾಮಾಣಿಕತೆಯೂ ಪರೀಕ್ಷೆಗೆ ಒಳಗಾಗುತ್ತದೆ. ಅದನ್ನು ಅಳೆಯುವ ಪಟ ಇನ್ನೂ ಅಚ್ಚಾಗಿಲ್ಲ.