ಸರ್ನ್ ಪ್ರಯೋಗದಲ್ಲಿ ನಮ್ಮ ಪಾಲು ಎಂದರೇನು?

ಹಿಗ್ಸ್ ಬೋಸಾನಿನಂತಹ ಹೊಸ ಕಣವೊಂದು ಕಂಡಿದೆಯೆಂದು ಜಿನೀವಾ ಬಳಿಯ ಸರ್ನ್ ಸಂಸ್ಥೆ ಸಾರಿದ್ದು 2012ರ ಜುಲೈ 4ರಂದು. ಇದು ಯಾವ ದೇಶದ ಸಾಧನೆ ಎಂದು ಕೇಳುವುದು ಸಹಜ. ಆ ಕಣವನ್ನು ಗುರುತಿಸಿದ ಎರಡು ಪ್ರಯೋಗಗಳಲ್ಲಿ ಒಂದು ಸಿಎಂಎಸ್. ಅದರ ಯಂತ್ರದ ತೂಕ 14,000 ಟನ್. ಅದನ್ನು ಯಾವುದೋ ಒಂದು ದೇಶ ಕಟ್ಟಲಿಲ್ಲ. ಉಳಿದ ದೇಶಗಳು ಹಣ ಕೊಟ್ಟು ಸುಮ್ಮನಾಗಲೂ ಇಲ್ಲ. ಒಂದೊಂದು ತಂಡ ಒಂದೊಂದು ಭಾಗವನ್ನು ವಹಿಸಿಕೊಂಡಿತು. ಹಾಗಾಗಿ ಒಂದು ದೇಶದ ಪಾಲನ್ನು ಕೊಟ್ಟ ಹಣದಿಂದಲ್ಲ, ಹೊತ್ತ ಹೊಣೆಯಿಂದ ಅಳೆಯಬೇಕು ಎಂಬುದು ನನ್ನ ವಾದ.

ಭಾರತ ಹೊತ್ತ ಹೊಣೆ ಎಂಥದೆಂದು ನೋಡೋಣ. ಹಿಗ್ಸ್ ಕಣ ಹುಟ್ಟಿದ ಕೂಡಲೇ ಒಡೆಯುತ್ತದೆ, ಅಪರೂಪಕ್ಕೊಮ್ಮೆ ಎರಡು ಫೋಟಾನ್‌ಗಳಾಗಿ. ಆದರೆ ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಪಯಾನ್ ಎಂಬ ಕಣಗಳು ರಾಶಿ ರಾಶಿಯಾಗಿ ಹುಟ್ಟುತ್ತವೆ. ವಿದ್ಯುದಂಶವಿಲ್ಲದ ಪಯಾನ್ ಕೂಡ ಎರಡು ಫೋಟಾನ್‌ಗಳಾಗುತ್ತದೆ. ಅವು ಎಷ್ಟು ಒತ್ತಾಗಿ ಸಾಗುತ್ತವೆಂದರೆ, ಒಂದೇ ಫೋಟಾನ್ ಎಂದು ಮೋಸಹೋಗಬಹುದು. ಈ ಜೋಡಿಯನ್ನು ಬಿಡಿಸಿ ನೋಡುವುದಕ್ಕೆಂದೇ ಸಿಎಂಎಸ್‌ನ ಎರಡೂ ತುದಿಗಳಲ್ಲಿ ಸೀಸದ ಪದರಗಳ ಹಿಂದೆ ಸಿಲಿಕಾನ್ ಬಿಲ್ಲೆಗಳನ್ನು ಹೊಂದಿಸಲಾಯಿತು. ಅಂಗೈಗಿಂತ ಚಿಕ್ಕದಾದ ಒಂದೊಂದು ಬಿಲ್ಲೆಯಲ್ಲೂ 32 ಪಟ್ಟಿಗಳು. ಇಂಥ ಸುಮಾರು 1,000 ಬಿಲ್ಲೆಗಳನ್ನು ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿತು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ವರ್ಷಗಟ್ಟಲೆ ವಿಕಿರಣದ ಹೊಡೆತ ತಿನ್ನುವ ಆ ಜಾಗದಲ್ಲಿ, ಕೆಟ್ಟಿತೆಂದು ಬೇಕಾದಾಗ ಬದಲಿಸುವಂತಿಲ್ಲ.

ಹಾಗಾದರೆ ನಾವು ಬಿಡಿಭಾಗ ಒದಗಿಸಿದ ಗುತ್ತಿಗೆದಾರರಷ್ಟೇ ತಾನೆ, ಎನ್ನುವವರಿದ್ದಾರೆ. ಗುತ್ತಿಗೆದಾರನ ಕೆಲಸ ಸರಕು ತಲುಪಿದಲ್ಲಿಗೆ ಮುಗಿಯುತ್ತದೆ. ಇಲ್ಲಿ ಯಂತ್ರ ನಡೆಯುವಾಗ ಪಾಳಿಯಲ್ಲಿ ಕಾವಲಿರುವುದು, ಅಳತೆ ಸರಿಪಡಿಸುವುದು, ಬಂದ ಮಾಹಿತಿಯನ್ನು ಜಾಲಿಸುವುದು ತಂಡಗಳದೇ ಕೆಲಸ. ಇಂಥ ಸೇವೆ ಸಲ್ಲಿಸದವರಿಗೆ ಪ್ರಬಂಧದಲ್ಲಿ ಹೆಸರಿನ ಹಕ್ಕು ಸಿಗದು. ಆ ಹೆಸರುಗಳ ಪಟ್ಟಿಯೂ ಹಿರಿಮೆಯ ಕ್ರಮದಲ್ಲಿಲ್ಲ. ದೇಶಗಳ ಅಕ್ಷರಾನುಕ್ರಮ ಹಿಡಿದು ಪುಟ್ಟ ಅರ್ಮೇನಿಯಾ ಮೊದಲು ಬರುತ್ತದೆ! ಆದರೂ ಆಕ್ಷೇಪದಲ್ಲಿ ಒಂದಂಶ ನಿಜ: ಪ್ರಯೋಗದೊಳಗಿನ ಈ ಸಮಾನತೆ ಸರ್ನ್‌ನ ಆಡಳಿತಕ್ಕೆ ಹಬ್ಬಿಲ್ಲ. ಭಾರತ ಸಹ ಸದಸ್ಯ ರಾಷ್ಟ್ರವಾದದ್ದು 2017ರಲ್ಲಿ; ಸರ್ನ್ ಮಂಡಳಿಯಲ್ಲಿ ಸಹ ಸದಸ್ಯರಿಗೆ ಮತವಿಲ್ಲ.