ಯಾರಿಗೆ ಪಶ್ಚಿಮ? ದೌಗವಾ ಅನ್ನೋ ಹೆಸರಿನ ಕಥೆ

ಇವತ್ತು ನಾನು ಮಾತಾಡ್ತಿರೋದು ಒಂದು ನದಿಯ ಹೆಸರಿನ ಬಗ್ಗೆ. ಫೋನ್ ಕೈಯಲ್ಲೇ ಇದೆಯಲ್ಲ, ಮ್ಯಾಪ್ ತೆರೆದು ಲಾಟ್ವಿಯಾದ ರಾಜಧಾನಿ ರೀಗಾ ಹುಡುಕಿ. ಊರಿನ ನಡುವೆ ಅಗಲವಾದ ನದಿ ಕಾಣುತ್ತೆ. ಅದೇ ದೌಗವಾ.

ರಷ್ಯಾದ ವಾಲ್ದಾಯ್ ಬೆಟ್ಟಗಳಲ್ಲಿ ಹುಟ್ಟಿ, ಬೆಲಾರೂಸ್ ದಾಟಿ, ಲಾಟ್ವಿಯಾಗೆ ಬಂದು ಸಮುದ್ರ ಸೇರುತ್ತೆ. ಉದ್ದ ಸುಮಾರು 1,020 ಕಿಲೋಮೀಟರ್. ರಷ್ಯನ್ನರು ಇದನ್ನು ‘ಪಶ್ಚಿಮ ದ್ವಿನಾ’ ಅಂತಾರೆ. ಅವರಲ್ಲಿ ಉತ್ತರ ದ್ವಿನಾ ಅಂತ ಬೇರೊಂದು ನದಿ ಇದೆ, ಅದಕ್ಕೇ ಇದು ಪಶ್ಚಿಮ. ಆದ್ರೆ ಲಾಟ್ವಿಯಾದವರಿಗೆ ಇದು ಯಾವ ದಿಕ್ಕಿನದೂ ಅಲ್ಲ, ನಾಡಿನ ನಡುವೆ ಹರಿಯೋ ನದಿ. ‘ಬಹಳ’ ಮತ್ತು ‘ನೀರು’ ಅನ್ನೋ ಅರ್ಥದ ಹಳೆಯ ಬಾಲ್ಟಿಕ್ ಪದಗಳು ಸೇರಿ ‘ದೌಗವಾ’ ಆಯ್ತು ಅನ್ನೋದು ಸಾಮಾನ್ಯ ವಿವರಣೆ. ಜನಪದ ಹಾಡುಗಳಲ್ಲಿ ಆಕೆ ತಾಯಿ.

ದಡದಲ್ಲಿರೋ ಒಂದು ಊರನ್ನೇ ನೋಡಿ. ಜರ್ಮನ್ನರಿಗೆ ಅದು ದ್ಯೂನಾಬುರ್ಗ್, ರಷ್ಯನ್ ಸಾಮ್ರಾಜ್ಯದಲ್ಲಿ ದ್ವಿನ್ಸ್ಕ್. ಲಾಟ್ವಿಯಾ ಸ್ವತಂತ್ರವಾದ ಮೇಲೆ, 1920ರಲ್ಲಿ, ಅದು ದೌಗವ್‌ಪಿಲ್ಸ್ ಆಯ್ತು. ಅಂದ್ರೆ ದೌಗವಾ ಕೋಟೆ. ಆಳೋರು ಬದಲಾದಂತೆ ನದಿಯ ಹೆಸರೂ ಊರಿನ ಹೆಸರೂ ಬದಲಾಯ್ತು.

ಮುಂದೆ ಸೋವಿಯತ್ ಆಡಳಿತ ಬಂತು. 1960ರ ದಶಕದಲ್ಲಿ ಒಂದು ವಿದ್ಯುತ್ ಅಣೆಕಟ್ಟಿಗಾಗಿ ಸ್ಟಾಬುರಾಗ್ಸ್ ಅನ್ನೋ ಬಂಡೆ ಮುಳುಗಿಹೋಯ್ತು. ನದಿಯಲ್ಲಿ ಮುಳುಗಿದ ಪ್ರಿಯಕರನಿಗಾಗಿ ಅಳುತ್ತಾ ಕಲ್ಲಾದ ಹೆಣ್ಣು ಅಂತ ಜನ ನಂಬಿದ್ದ ಬಂಡೆ ಅದು.

1986ರಲ್ಲಿ ದೌಗವ್‌ಪಿಲ್ಸ್ ಹತ್ತಿರ ಇನ್ನೊಂದು ಅಣೆಕಟ್ಟಿನ ಯೋಜನೆ ನಡೀತಿತ್ತು. ಪತ್ರಕರ್ತ ದೈನಿಸ್ ಈವಾನ್ಸ್ ಮತ್ತು ಆರ್ಟುರ್ಸ್ ಸ್ನಿಪ್ಸ್ ಒಂದು ಸಾಹಿತ್ಯ ವಾರಪತ್ರಿಕೆಯಲ್ಲಿ ಇದನ್ನು ಪ್ರಶ್ನಿಸಿ ಬರೆದರು. ಆಗ ಸರ್ಕಾರದ ವಿರುದ್ಧ ಸಹಿ ಹಾಕೋದು ಸಣ್ಣ ಮಾತಲ್ಲ. ಆದ್ರೂ ಸುಮಾರು 30,000 ಜನ ಸಹಿ ಹಾಕಿದ್ರು. 1987ರಲ್ಲಿ ಮಾಸ್ಕೋ ಯೋಜನೆ ಕೈಬಿಟ್ಟಿತು.

ಮಾತಾಡಿದ್ರೆ ಕೇಳಿಸುತ್ತೆ ಅಂತ ಜನರಿಗೆ ಗೊತ್ತಾಯ್ತು. 1988ರಲ್ಲಿ ಲಾಟ್ವಿಯಾದ ಪಾಪ್ಯುಲರ್ ಫ್ರಂಟ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಇದೇ ಈವಾನ್ಸ್. 1990ರ ಮೇ 4ರಂದು ದೇಶ ಸ್ವಾತಂತ್ರ್ಯ ಮರುಸ್ಥಾಪನೆಯ ಘೋಷಣೆ ಹೊರಡಿಸಿತು.

‘ಪಶ್ಚಿಮ ದ್ವಿನಾ’ ಅನ್ನೋ ಹೆಸರು ನದಿ ಎಲ್ಲಿದೆ ಅಂತ ಹೇಳುತ್ತೆ. ‘ದೌಗವಾ’ ಅಂದವರು ಅದನ್ನು ತಮ್ಮದು ಅಂದುಕೊಂಡಿದ್ದರು. ಸಹಿ ಹಾಕೋಕೆ ಪೆನ್ನು ಎತ್ತಿಕೊಂಡವರು ಅವರೇ.